ಶೈಲಜಮ್ಮನ ಟೇಪು

ಶಂಕರಪುರಂನಲ್ಲಿ ರವಿಕೆ ಹೊಲಿಯುವ ಶೈಲಜಮ್ಮ ಯಾರ ಬಾಯಿಮಾತನ್ನೂ ನಂಬುವವರಲ್ಲ; ಅವರ ನಂಬಿಕೆಯೆಲ್ಲ ಅಳತೆಯ ಟೇಪಿನ ಮೇಲೆ. ದುಡಿದ ಕೈಯ ಮೂಳೆ ಕೂಡ ದಪ್ಪವಾಗುತ್ತದೆ ಎಂಬುದು ಅವರ ಸಿದ್ಧಾಂತ. "ರುಬ್ಬೋದಕ್ಕೆ ಮಿಕ್ಸಿ ಇದೆ ಅಂತೀರಲ್ಲ, ಈ ಬಲತೋಳು ಒರಳು ತಿರುಗಿಸಿರೋದೇ ಕಣ್ರೀ!" ಎಂದು ಅಳತೆ ಕೊಡಲು ಬಂದವರತ್ತ ಹುಬ್ಬೇರಿಸುತ್ತಾರೆ. ದೇವಸ್ಥಾನದಲ್ಲಿ ಗಂಟೆ ಬಾರಿಸುವ ಅರ್ಚಕರ ಕೈಯನ್ನೂ ಅನುಮಾನದಿಂದ ನೋಡಿಯೇ ತೀರ್ಥ ತೆಗೆದುಕೊಳ್ಳುತ್ತಾರೆ. ಅವರಲ್ಲೇ ರವಿಕೆ ಹೊಲಿಸುತ್ತಿದ್ದ, ಕಾಲೇಜಿಗಾಗಿ ಬ್ಯಾಡ್ಮಿಂಟನ್ ಆಡುತ್ತಿದ್ದ ಚೈತನ್ಯಾಳ ಬಲತೋಳು ಯಾವಾಗಲೂ ಎಡತೋಳಿಗಿಂತ ಒಂದಿಂಚು ಹೆಚ್ಚು. ಮದುವೆಯಾಗಿ ಎರಡು ವರ್ಷದ ಮೇಲೆ ಬಂದವಳನ್ನು, "ಈಗ್ಲೂ ಆಡ್ತೀಯೇನೇ?" ಎಂದು ಕೇಳಿದರು. "ದಿನಾ ಆಡ್ತೀನಿ ಆಂಟಿ, ಅತ್ತೆ ಬೇಡ ಅನ್ನಲ್ಲ." ಟೇಪು ಎರಡು ತೋಳಿಗೂ ಒಂದೇ ಅಳತೆ ತೋರಿಸಿತು. ಶೈಲಜಮ್ಮ ಅವತ್ತು ಹುಬ್ಬೇರಿಸಲಿಲ್ಲ. ರವಿಕೆ ಕೊಡುವಾಗ ಮಾತ್ರ ಹೇಳಿದರು: "ಬಲತೋಳಲ್ಲಿ ಒಂದಿಂಚು ಒಳಗೆ ಬಿಟ್ಟಿದೀನಿ. ಬಿಗಿಯಾದ ದಿನ ಬಾ, ಹೊಲಿಗೆ ಬಿಚ್ಚಿಕೊಡ್ತೀನಿ."