ಎಣ್ಣೆ ಹಚ್ಚಿದ ತಲೆಯ ಪರೀಕ್ಷೆ

ಮಗಳ ಬಾಣಂತನಕ್ಕೆಂದು ನಾನು ಕೋಡಿಂಬಾಳದಿಂದ ಮಸ್ಕತ್‌ಗೆ ಹೋದದ್ದು ಒಂದೇ ಧೈರ್ಯದ ಮೇಲೆ: ಮಗುವನ್ನು ಮೀಯಿಸಲು ನನಗೆ ಬರುತ್ತದೆ. ಇಂಗ್ಲಿಷ್ ಬರುವುದಿಲ್ಲ, ಲಿಫ್ಟಿನ ಗುಂಡಿ ಒತ್ತಲು ಹೆದರಿಕೆ. ಆದರೆ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡೆನೆಂದರೆ ನಾನು ಯಾವ ಡಾಕ್ಟರಿಗೂ ಕಡಿಮೆಯಲ್ಲ. ನಮ್ಮ ನೆರೆಕರೆಯ ಅರ್ಧ ಮಕ್ಕಳು ನನ್ನ ಕಾಲ ಮೇಲೆ ಅತ್ತೇ ದೊಡ್ಡವರಾದವರು.

ಮಗುವಿಗೆ ಇಪ್ಪತ್ತು ದಿನ ತುಂಬಿದ ಬೆಳಿಗ್ಗೆ, ಬಿಸಿನೀರಿನ ಹಬೆ ತುಂಬಿದ ಬಾತ್‌ರೂಮಿನಲ್ಲಿ ಸ್ನಾನ ಮುಗಿಸಿ, ಟವೆಲು ಹಿಡಿದು ನಿಂತಿದ್ದ ಮಗಳ ಕೈಗೆ ಮಗುವನ್ನು ಕೊಟ್ಟು ಎದ್ದೆ. ಎದ್ದದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಕೈಗಳು ಅದುರುತ್ತಿದ್ದವಂತೆ. ಅರ್ಧ ನಿಮಿಷ ಮೊದಲಾಗಿದ್ದರೆ ಮಗು ನನ್ನ ಕೈಯಲ್ಲೇ ಇರುತ್ತಿತ್ತು. ಅದನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಾರನೆಯ ದಿನದಿಂದ ಮಗಳು ಮಗುವನ್ನು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದಳು. ನಾನು ಎತ್ತಿಕೊಂಡರೆ ಪಕ್ಕದಲ್ಲೇ ಬಂದು ಕೂರುತ್ತಿದ್ದಳು. ಅವಳದ್ದು ತಪ್ಪಲ್ಲ. ಆದರೂ ಮಗುವನ್ನು ಮೀಯಿಸಲಾಗದಿದ್ದರೆ ನಾನು ಇಷ್ಟು ದೂರ ಬಂದದ್ದು ಯಾಕೆ?

ನರರೋಗದ ಡಾಕ್ಟರು ಇಇಜಿ ಬರೆದರು. ತಲೆಗೆ ವಯರು ಅಂಟಿಸಿ ಮೆದುಳಿನ ಕರೆಂಟು ನೋಡುವುದಂತೆ. ಊರಿಗೆ ಫೋನು ಮಾಡಿ ಗಂಡನಿಗೆ ಹೇಳಿದೆ.

"ನಿನ್ನ ತಲೆಯೊಳಗೆ ಎಂತ ಉಂಟು ಅಂತ ನಾನು ಮದುವೆಯಾದಂದಿನಿಂದ ಹುಡುಕ್ತಾ ಇದ್ದೇನೆ ಮಾರಾಯ್ತಿ, ಸಿಕ್ಕಿದ್ರೆ ನನಗೂ ಹೇಳು" ಎಂದರು. ನಕ್ಕರು. ಆಮೇಲೆ ದಿನಕ್ಕೆ ನಾಲ್ಕು ಸಲ ಅವರದೇ ಫೋನು.

ಪರೀಕ್ಷೆಯ ದಿನ ತಲೆ ತೊಳೆದುಕೊಂಡು ಬರಬೇಕೆಂದು ಚೀಟಿಯಲ್ಲಿತ್ತು. ಮಗಳು ಓದಿ ಹೇಳಿದಳು. ನಾನು ಚೆನ್ನಾಗಿ ತೊಳೆದೆ, ಒಣಗಿಸಿದೆ. ಒಣಗಿಸಿದ ಮೇಲೆ? ಕೆದರಿದ ಬರೀ ತಲೆಯಲ್ಲಿ ಡಾಕ್ಟರ ಮುಂದೆ ಹೋಗುವುದಾ? ನಮ್ಮಲ್ಲಿ ಪುತ್ತೂರಿಗೆ ಹೋಗುವ ಬಸ್ಸು ಹತ್ತಬೇಕಾದರೂ ಎಣ್ಣೆ ಹಚ್ಚಿ ಬಾಚಿ ಜಡೆ ಹಾಕದೆ ಯಾರೂ ಅಂಗಳ ಇಳಿಯುವುದಿಲ್ಲ. ಊರಿನಿಂದ ತಂದಿದ್ದ ತೆಂಗಿನೆಣ್ಣೆಯನ್ನು ಅಂಗೈ ತುಂಬ ಸುರಿದು ನೆತ್ತಿಗೆ ತಟ್ಟಿ, ನುಣ್ಣಗೆ ಬಾಚಿ, ಗಟ್ಟಿ ಜಡೆ ಹೆಣೆದು ಹೊರಟೆ. ಮಗುವಿನ ಗಡಿಬಿಡಿಯಲ್ಲಿ ಮಗಳೂ ಗಮನಿಸಲಿಲ್ಲ.

ಅಲ್ಲಿ ವಯರು ಅಂಟಿಸುವವಳು ಮಲಯಾಳಿ ಹುಡುಗಿ. ಒಂದನ್ನು ಅಂಟಿಸಿದಳು, ಜಾರಿತು. ಇನ್ನೊಂದು, ಅದೂ ಜಾರಿತು. ನೆತ್ತಿ ಮುಟ್ಟಿ ಬೆರಳು ಮೂಸಿ, "ಅಮ್ಮೇ, ಎಣ್ಣ ಪಾಡಿಲ್ಲ!" ಎಂದಳು. ಕಡಬದ ಪೇಟೆಯಲ್ಲಿ ಎಷ್ಟೋ ವರ್ಷ ಮಲಯಾಳಿ ವ್ಯಾಪಾರಿಗಳಿಗೆ ರಬ್ಬರ್ ಶೀಟು ಮಾರಿದವಳಿಗೆ ಅಷ್ಟು ಮಲಯಾಳ ಅರ್ಥವಾಗದೆ ಇರುತ್ತದೆಯೇ? ಎಣ್ಣೆ ಕೂಡದು ಎಂದದ್ದು. ಮಗಳು ಹಣೆ ಹಿಡಿದುಕೊಂಡಳು.

"ಅಮ್ಮ, ನೀನೆಂತ ಮದುವೆಗೆ ಹೊರಟದ್ದಾ?"

ಆ ಹುಡುಗಿ ನಗುತ್ತಲೇ ಒಂದು ಗಂಟೆಯ ಸಮಯ ಕೊಟ್ಟಳು. ಮಗುವನ್ನು ಜೊತೆಗೆ ಬಂದಿದ್ದ ಅಳಿಯನ ಕೈಗೆ ಕೊಟ್ಟು ಮಗಳು ಕೆಳಗಿನ ಅಂಗಡಿಯಿಂದ ಶಾಂಪೂ ತಂದಳು. ಆಸ್ಪತ್ರೆಯ ಸಿಂಕಿಗೆ ನನ್ನ ತಲೆ ಬಗ್ಗಿಸಿ, ಮೂರು ಸಲ ತಿಕ್ಕಿ ತೊಳೆದಳು. ಕಣ್ಣಿಗೆ ನೊರೆ ಹೋಗಿ ನಾನು ಕೂಗಿದರೆ, "ಸುಮ್ಮನಿರು, ಆಯ್ತು, ಆಯ್ತು" ಎಂದು ಬೆನ್ನು ತಟ್ಟಿದಳು. ಮತ್ತೆ ಹೋದಾಗ ಇಪ್ಪತ್ತಕ್ಕೂ ಹೆಚ್ಚು ವಯರು ಕಚ್ಚಿ ಕೂತವು. ಕಣ್ಣು ಮುಚ್ಚಿ, ಬಿಡಿ, ಜೋರಾಗಿ ಉಸಿರೆಳೆಯಿರಿ ಎಂದರು. ಮುಖದೆದುರು ಮಿಣಮಿಣ ಬೆಳಕು ಹಾಯಿಸಿದರು. ನೋವು ಏನೇನೂ ಇರಲಿಲ್ಲ. ಭಯ ಮಾತ್ರ ಬೇಕಾದಷ್ಟಿತ್ತು.

ಸುಧಾರಿಸಿಕೊಳ್ಳಬೇಕಾದದ್ದು ಪರೀಕ್ಷೆಯಿಂದಲ್ಲ, ಆ ಅಂಟಿನಿಂದ. ಮೂರು ದಿನ ತಲೆಯಲ್ಲಿ ಬಿಳಿ ಗಂಟುಗಳಿದ್ದವು. ಬಾಚಣಿಗೆ ಹಾಕಿದರೆ ಪ್ರಾಣ ಹೋಗುತ್ತಿತ್ತು. ನಾಲ್ಕನೆಯ ದಿನ ಡಾಕ್ಟರು ರಿಪೋರ್ಟು ನೋಡಿ, ಮೆದುಳು ಸರಿಯಾಗಿಯೇ ಇದೆ ಎಂದರು. ಎಸಿಯೊಳಗೆ ಬಾಯಾರಿಕೆಯಾಗದೆ ನಾನು ನೀರು ಕುಡಿಯುತ್ತಿರಲಿಲ್ಲ. ಹಬೆಯಲ್ಲಿ ತುಂಬ ಹೊತ್ತು ಕೂತು ಗಕ್ಕನೆ ಎದ್ದದ್ದಕ್ಕೆ ರಕ್ತದೊತ್ತಡ ಇಳಿದು ಬಿದ್ದದ್ದು. ನೀರು ಕುಡಿಯಿರಿ, ನಿಧಾನ ಏಳಿ, ಅಷ್ಟೇ.

ಗಂಡನಿಗೆ ಹೇಳಿದರೆ, "ಸರಿ ಉಂಟು ಅಂತ ಬರೆದುಕೊಟ್ರಾ? ಅದನ್ನು ಜೋಪಾನವಾಗಿ ತಾ" ಎಂದರು. ಮತ್ತೆ ಅದನ್ನೇ ಇನ್ನೊಮ್ಮೆ ಹೇಳಿಸಿದರು.

ಮಾರನೆಯ ಬೆಳಿಗ್ಗೆ ಎರಡು ಲೋಟ ನೀರು ಕುಡಿದು, ಬಾತ್‌ರೂಮಿನ ಬಾಗಿಲು ತೆರೆದಿಟ್ಟು, ಕಾಲು ಚಾಚಿ ಕೂತೆ. ಕೇಳಲು ಬಾಯಿ ಬರಲಿಲ್ಲ. ಮಗಳು ಮಗುವನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದಳು. ಬಾಗಿಲಲ್ಲೇ ಸ್ಟೂಲು ಹಾಕಿ ಕೂತಳು. "ನನಗೂ ಕಲಿಲಿಕ್ಕೆ ಉಂಟಲ್ಲ" ಎಂದಳು. ರಿಪೋರ್ಟಿನಿಂದ ಹೆದರಿಕೆ ಹೋಗುವುದಿಲ್ಲವೆಂದು ನನಗೂ ಗೊತ್ತಿತ್ತು. ನಾನು ನೀರು ಹೊಯ್ದೆ. ಮಗು ಮೊದಲು ಕಿರುಚಿತು, ಆಮೇಲೆ ಬಿಸಿಗೆ ಮೈಬಿಟ್ಟು ಕಣ್ಣರಳಿಸಿತು.

ಒಂದೆರಡು ಚೆಂಬು ಕಳೆದಿರಬೇಕು, ತಿರುಗಿ ನೋಡಿದರೆ ಸ್ಟೂಲು ಖಾಲಿ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುವ ಸದ್ದು ಕೇಳಿತು.