ಬೀಳುವ ರಾಜನಿಗೂ ಮಾತುಂಟು

ನಾನು ಚಿಕ್ಕವಳಿದ್ದಾಗ ರೋಮ್ ಸಾಮ್ರಾಜ್ಯ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಗಬೇಡಿ. ಅಬುಧಾಬಿಯ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ, ಬಿಸ್ಕತ್ತು ಡಬ್ಬದ ತಗಡಿನಿಂದ ಮಾಡಿದ ಕಿರೀಟ ಹೊತ್ತು, ಅದರ ಕೊನೆಯ ಚಕ್ರವರ್ತಿಯಾಗಿ ನಿಂತವಳು ನನ್ನ ಅಕ್ಕ. ಆ ಸಂಜೆಯನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ ಮಕ್ಕಳೇ, ಆ ಟ್ಯಾಬನ್ನು ಸ್ವಲ್ಪ ಹೊತ್ತು ಕೆಳಗಿಡಿ.

ಅಪ್ಪ ಊರ ಹೊರಗಿನ ಮುಸಫ್ಫಾ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದರು. ಸಂಜೆ ಕಂಪನಿಯ ಬಸ್ಸಿನಿಂದ ಇಳಿದು ಬಂದಾಗ ಅವರ ಅಂಗಿಗೆ ಸುಟ್ಟ ಕಬ್ಬಿಣದ ವಾಸನೆ ಇರುತ್ತಿತ್ತು. ರಜೆಯ ಶುಕ್ರವಾರ ಮಾತ್ರ ಅವರು ಬೇರೆಯೇ ಮನುಷ್ಯ. ಉಡುಪಿ ಕಡೆಯ ಗೆಳೆಯರೆಲ್ಲ ಯಾರದ್ದಾದರೂ ಫ್ಲಾಟಿನಲ್ಲಿ ಸೇರಿ ಯಕ್ಷಗಾನ ಅಭ್ಯಾಸ ಮಾಡುತ್ತಿದ್ದರು. ಚೆಂಡೆ ಇಲ್ಲದ ದಿನ ಅಡುಗೆಮನೆಯ ಪಾತ್ರೆಯೇ ಚೆಂಡೆ. ಅಪ್ಪನಿಗೆ ಯಾವಾಗಲೂ ಸೋಲುವ ರಾಜನ ವೇಷ ಬೇಕು. ಆ ವೇಷಕ್ಕೇ ಒಳ್ಳೆಯ ಮಾತು ಇರುವುದು ಎನ್ನುತ್ತಿದ್ದರು.

ಆ ವರ್ಷ ಅಪ್ಪನ ಕಂಪನಿ ಮುಚ್ಚಿತು. ಒಂದು ಮಧ್ಯಾಹ್ನ ಖುಬೂಸ್ ರೊಟ್ಟಿ ಮುರಿದು ಮೀನುಸಾರಿಗೆ ಅದ್ದುತ್ತಾ ಅಪ್ಪ ಹೇಳಿದರು: "ಕಂಪನಿ ಖಲಾಸ್. ವೀಸಾ ಕ್ಯಾನ್ಸಲ್ ಆಗ್ತದೆ. ಪರೀಕ್ಷೆ ಮುಗಿದ ಕೂಡ್ಲೇ ನಾವೆಲ್ಲ ಊರಿಗೆ." ಅಷ್ಟೇ ಮಾತು. ಅಕ್ಕ ಹುಟ್ಟಿದ್ದೇ ಅಬುಧಾಬಿಯಲ್ಲಿ. ಅವಳ ಗೆಳತಿಯರು, ಕಿಟಕಿ ಪಕ್ಕದ ಅವಳ ಬೆಂಚು, ಸಂಜೆ ಅವಳು ಸೈಕಲ್ ಬಿಡುತ್ತಿದ್ದ ಕಟ್ಟಡದ ಹಿಂದಿನ ಮರಳುದಾರಿ, ಎಲ್ಲವೂ ಅಲ್ಲೇ ಇದ್ದವು. ಊರು ಎಂದರೆ ಅವಳಿಗೆ ರಜೆಯಲ್ಲಿ ಹೋಗಿ ಬರುವ ಜಾಗ. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ಹೋದಳು. ಹಸಿವಿಲ್ಲವೇನೋ ಎಂದುಕೊಂಡು ಹಿರಿಯರು ಊಟ ಮುಂದುವರಿಸಿದರು.

ಅದೇ ಹೊತ್ತಿಗೆ ಶಾಲೆಯಲ್ಲಿ ರೋಮಿನ ನಾಟಕದ ತಯಾರಿ ಶುರುವಾಯಿತು. ಅದರ ಕಥೆ ಇಷ್ಟು. ನದಿಯ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಒಂದು ಪುಟ್ಟ ಊರು ಅಕ್ಕಪಕ್ಕದ ಊರುಗಳನ್ನು ಒಂದೊಂದಾಗಿ ನುಂಗುತ್ತಾ ಬೆಳೆಯಿತು. ನೇರವಾದ ರಸ್ತೆ ಹಾಕಿತು, ಕಲ್ಲಿನ ಕಮಾನುಗಳ ಮೇಲೆ ನೀರು ಹರಿಸಿತು, ಕಡೆಗೆ ಒಂದು ಇಡೀ ಸಮುದ್ರದ ಸುತ್ತಲಿನ ನೆಲವನ್ನೆಲ್ಲ ತನ್ನದು ಮಾಡಿಕೊಂಡಿತು. ನಮ್ಮ ಪಡುವಣ ಕರಾವಳಿಯ ಕಾಳುಮೆಣಸು ಕೂಡ ಹಡಗಿನಲ್ಲಿ ಅವರ ಅಡುಗೆಮನೆಗೆ ಹೋಗುತ್ತಿತ್ತು. ಈ ಏಳಿಗೆಯ ಭಾಗಕ್ಕೆ ಹುಡುಗರ ನೂಕುನುಗ್ಗಲು! ಎಲ್ಲರಿಗೂ ಸೇನಾಪತಿಯೇ ಆಗಬೇಕು. ಎಲ್ಲರ ಮನೆಯ ಮಂಚದ ಹಾಸುಗಳೂ ಮಾಯವಾದವು, ಹೂವಿನ ಚಿತ್ತಾರದ ಹಾಸು ಸುತ್ತಿಕೊಂಡ ರೋಮನ್ನರು ವರಾಂಡದ ತುಂಬಾ ಓಡಾಡಿದರು. ಆ ಕಲ್ಲು ಹೊತ್ತ, ರಸ್ತೆ ಅಗೆದ ಗುಲಾಮರು ಎಲ್ಲಿ ಎಂದು ನಾನು ಕೇಳಿದರೆ, "ಅವರಿಗೆ ಸೀನೇ ಇಲ್ಲ ಅಂತೆ" ಎಂದಳು ಅಕ್ಕ.

ಇನ್ನು ಬೀಳುವ ಭಾಗ. ದೊಡ್ಡವರು ದೊಡ್ಡವರೇ ಕುರ್ಚಿಗಾಗಿ ಕಚ್ಚಾಡಿದರು. ಸೈನ್ಯ ತನಗೆ ಬೇಕಾದವನನ್ನು ಕೂರಿಸಿತು, ಬೇಡವಾದವನನ್ನು ಕೊಂದಿತು. ರಾಜ್ಯ ಎರಡು ಹೋಳಾಯಿತು. ಪಶ್ಚಿಮದ ಹೋಳಿನಲ್ಲಿ ಕೊನೆಗೆ ಒಬ್ಬ ಸೇನಾಪತಿ ತನ್ನ ಚಿಕ್ಕ ಮಗನನ್ನೇ ಸಿಂಹಾಸನದಲ್ಲಿ ಕೂರಿಸಿ ತಾನು ಹಿಂದೆ ನಿಂತು ಆಳಿದ. ಇನ್ನೊಬ್ಬ ದಳಪತಿ ಬಂದು ಆ ಅಪ್ಪನನ್ನು ಕೊಂದು, ಮಗನನ್ನು ಇಳಿಸಿ, ಪಾಪ ಚಿಕ್ಕವನು ಎಂದು ಸಮುದ್ರತೀರದ ಮನೆಯೊಂದಕ್ಕೆ ಕಳಿಸಿಬಿಟ್ಟ. ಪೂರ್ವದ ಹೋಳು ಆಮೇಲೂ ಸಾವಿರ ವರ್ಷದ ಹತ್ತಿರ ಬಾಳಿತು. ಆದರೂ ರೋಮ್ ಬಿತ್ತು ಎಂದು ಪುಸ್ತಕದಲ್ಲಿ ಬರೆಯುವುದು ಈ ಹುಡುಗನ ಹೆಸರಿನ ಪಕ್ಕದಲ್ಲಿ. ಇದೆಂಥ ಅನ್ಯಾಯ! ಹಿರಿಯರು ತಲೆತಲಾಂತರ ಕೂತು ಹಾಳು ಮಾಡಿದ್ದು, ಕೆಟ್ಟ ಹೆಸರು ಮಾತ್ರ ಮಗುವಿಗೆ.

ಆ ಹುಡುಗನ ಪಾತ್ರ ಯಾರಿಗೂ ಬೇಡವಾಯಿತು. ಟೀಚರು ಅಕ್ಕನ ಕಡೆ ಬೆರಳು ತೋರಿಸಿ, "ಇವಳು ಹೇಗೂ ಶಾಲೆ ಬಿಟ್ಟು ಹೋಗುವವಳಲ್ಲವಾ, ಇವಳಿಗಿರಲಿ" ಎಂದರಂತೆ. ಮಾತು ಒಂದೂ ಇಲ್ಲ. ಅಳಬೇಕು, ಮಂಡಿಯೂರಿ ಕಿರೀಟ ಕೊಡಬೇಕು, ಅಂಬೆಗಾಲಿಟ್ಟು ರಂಗದಿಂದ ಹೊರಗೆ ಹೋಗಬೇಕು. ಜನ ನಗಲಿ ಎಂದೇ ಅದನ್ನು ಹಾಗೆ ಇಟ್ಟಿದ್ದರು.

ಇದನ್ನು ಕೇಳಿ ಅಪ್ಪ ಚಹಾದ ಲೋಟ ಕೆಳಗಿಟ್ಟರು. "ಮಾತೇ ಇಲ್ವಾ? ಎಂಥ ನಾಟಕ ಮಾರಾಯ್ತಿ ಅದು! ನಮ್ಮ ಯಕ್ಷಗಾನದ ಆಟದಲ್ಲಿ ಬೀಳುವ ರಾಜನಿಗೂ ಮಾತುಂಟು. ಅವನು ಹೇಳ್ಲಿಕ್ಕೆ ಇರುದನ್ನೆಲ್ಲ ಹೇಳಿ ಆದ ಮೇಲೆಯೇ ಬೀಳುದು."

"ಸುಮ್ಮನಿರಿ, ಹೋಗುವ ಹೊತ್ತಿಗೆ ಜಗಳ ಬೇಡ" ಎಂದರು ಅಮ್ಮ. ಅಕ್ಕ ಕಿರೀಟದ ತಗಡಿನ ಅಂಚನ್ನು ಕಲ್ಲಿಗೆ ಉಜ್ಜುತ್ತಾ ಕೂತಳು.

ಆ ಸಂಜೆ ಸಭಾಂಗಣದಲ್ಲಿ ಅತ್ತರು, ಟಾಲ್ಕಂ ಪೌಡರು, ಸಮೋಸಾ ಎಲ್ಲದರ ವಾಸನೆ ಒಟ್ಟಿಗೆ ಸುಳಿಯುತ್ತಿತ್ತು. ನಾವು ಮೂವರೂ ಮಡಚುವ ಕಬ್ಬಿಣದ ಕುರ್ಚಿಗಳಲ್ಲಿ ಕೂತಿದ್ದೆವು. ರೋಮ್ ಎದ್ದಿತು, ಮೆರೆಯಿತು, ಚಪ್ಪಾಳೆ ಬಿತ್ತು. ಕೊನೆಯಲ್ಲಿ ದಳಪತಿಯಾದ ದಪ್ಪ ಹುಡುಗ ಕತ್ತಿ ಹಿಡಿದು ಬಂದು ಅಕ್ಕನ ಮುಂದೆ ನಿಂತ. ಅಕ್ಕ ಮಂಡಿಯೂರಲಿಲ್ಲ. ಕಿರೀಟವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ನೆಟ್ಟಗೆ ನಿಂತಳು. ಶಾಲೆಯ ಇಂಗ್ಲಿಷಿನಲ್ಲೇ ಕೇಳಿದಳು, "ನನ್ನನ್ನು ಇಲ್ಲಿ ಕೂರಿಸುವಾಗ ಯಾರಾದರೂ ನನ್ನನ್ನು ಕೇಳಿದ್ದೀರಾ? ಈಗ ಏಳಿಸುವಾಗಲಾದರೂ ಕೇಳಿದ್ದೀರಾ?"

ಯಾರೋ ಕಿಸಕ್ಕನೆ ನಕ್ಕರು. ರಂಗದ ಪಕ್ಕದಲ್ಲಿ ಟೀಚರು ಕೈ ಬೀಸುತ್ತಿದ್ದದ್ದು ನಮಗೂ ಕಾಣುತ್ತಿತ್ತು. ಸರ್ರನೆ ಪರದೆ ಮುಚ್ಚಿಕೊಂಡಿತು. ಮಾತಾಡುತ್ತಿರುವ ಮಗುವಿನ ಮುಖದ ಮೇಲೆ ಪರದೆ ಎಳೆಯುವುದೇ! ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ, ನನಗೆ ಅಷ್ಟು ಸಿಟ್ಟು ಬಂದಿತ್ತು.

ಆದರೆ ಪರದೆಯ ಹಿಂದೆ ಅಕ್ಕನ ದನಿ ನಿಲ್ಲಲಿಲ್ಲ. ಇಂಗ್ಲಿಷು ಎಲ್ಲಿ ಮುಗಿಯಿತೋ, ಅಲ್ಲಿಂದ ನಮ್ಮ ಕನ್ನಡ ಶುರುವಾಯಿತು.

"ರಾಜ್ಯ ಹಾಳು ಮಾಡಿದ್ದು ನಾನಲ್ಲ. ದೊಡ್ಡವ್ರು ನೀವು ಮಾಡಿದ್ದು. ಹೋಗು ಅಂದ್ರೆ ಹೋಗ್ತೇನೆ, ಬೇರೆ ಎಂತ ಮಾಡುದು? ಆದ್ರೆ ತೆವಳಿಕೊಂಡು ಹೋಗುದಿಲ್ಲ. ನಡ್ಕೊಂಡೇ ಹೋಗ್ತೇನೆ."

ಅಲ್ಲಿದ್ದ ಮುಕ್ಕಾಲು ಜನಕ್ಕೆ ಕನ್ನಡ ಬಾರದು. ಆದರೂ ಎಲ್ಲರೂ ಪರದೆಯ ಕಡೆಗೇ ಕತ್ತು ಚಾಚಿದರು. ಆಗ ಅಪ್ಪ ಎದುರಿನ ಖಾಲಿ ಕುರ್ಚಿಯ ಬೆನ್ನಿನ ಮೇಲೆ ಎರಡೂ ಕೈಯಿಂದ ಚೆಂಡೆ ಬಾರಿಸತೊಡಗಿದರು. ಅಮ್ಮ ಮೊದಲು ಅವರ ತೋಳು ಎಳೆದರು, ಆಮೇಲೆ ಬಿಟ್ಟುಬಿಟ್ಟರು. ಆ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಇಡುತ್ತಾ, ಹೂವಿನ ಹಾಸನ್ನು ನೆಲದಲ್ಲಿ ಎಳೆದುಕೊಂಡು, ಬರಿತಲೆಯ ಅಕ್ಕ ರಂಗದ ಪಕ್ಕದ ಮೆಟ್ಟಿಲಿಳಿದು ಜನರ ನಡುವೆಯೇ ನಡೆದು ಬಂದಳು. ಟೀಚರು ಹಿಂದೆಯೇ ಓಡಿ ಬಂದು, ಶಿಸ್ತಿಲ್ಲದ ಹುಡುಗಿ ಎಂದು ಎಲ್ಲರೆದುರು ಅಪ್ಪನಿಗೆ ಬೈದರು. ಕೊನೆಯ ದೃಶ್ಯ ಕೆಡಿಸಿದಳಂತೆ!

ಟ್ಯಾಕ್ಸಿಯಲ್ಲಿ ಅಪ್ಪ ಹೆಮ್ಮೆಯಿಂದ ಅವಳ ತಲೆ ಸವರಲು ಹೋದರು. ಅಕ್ಕ ತಲೆ ಸರಿಸಿಕೊಂಡಳು.

"ನಾನು ಹೇಳಿದ್ದು ಆ ದಳಪತಿಗೆ ಮಾತ್ರ ಅಲ್ಲ ಅಪ್ಪ. ನೀವು ಸಹ ನಮ್ಮನ್ನು ಕೇಳ್ಲಿಲ್ಲ."

ಅಪ್ಪ ಕೈ ಹಿಂದೆ ತೆಗೆದುಕೊಂಡರು. ಆಮೇಲೆ, "ಹೌದು ಮಗಾ, ಕೇಳ್ಲಿಲ್ಲ. ಈಗ ಹೇಳು" ಎಂದರು. ಮನೆ ಮುಟ್ಟುವ ತನಕ ಅಕ್ಕ ಹೇಳಿದಳು, ಮನೆಯಲ್ಲಿ ಊಟಕ್ಕೆ ಕೂತೂ ಹೇಳಿದಳು. ಬೈದಳು, ಅತ್ತಳು. ಅಪ್ಪ ಒಂದು ಮಾತಿಗೂ ಅಡ್ಡ ಬರಲಿಲ್ಲ. ನಾವು ಊರಿಗೆ ಹೋಗುವುದೇನೂ ತಪ್ಪಲಿಲ್ಲ. ಆದರೆ ವಿಮಾನದ ಮೆಟ್ಟಿಲನ್ನು ಅಕ್ಕ ತಲೆಯೆತ್ತಿಕೊಂಡು ಹತ್ತಿದಳು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಮ್ಮ ಇಡೀ ಮನೆಗೆ ಒಂದು ಕಿಟಕಿ ಎಸಿ ಇತ್ತು, ಅದೂ ರಾತ್ರಿಯೆಲ್ಲ ಗೊರಗುಟ್ಟುತ್ತಾ ನೀರು ಸುರಿಸುತ್ತಿತ್ತು. ನಿಮಗೆ ಈ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಮನೆ ಕೋಣೆಕೋಣೆಗೂ ತಣ್ಣಗೆ, ಸದ್ದೇ ಇಲ್ಲ. ನಮ್ಮ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ನಿಮ್ಮನ್ನು ಪಿಜ್ಜಾ ತಂದವನಿಗೆ ಎಷ್ಟು ಸ್ಟಾರ್ ಎಂದು ಫೋನೇ ಕೇಳುತ್ತದೆ, ಟ್ಯಾಕ್ಸಿಗೆ ಎಷ್ಟು ಸ್ಟಾರ್ ಎಂದು ಕೇಳುತ್ತದೆ. ಆದರೆ ಮುಂದಿನ ತಿಂಗಳು ಈ ಮನೆ ಬಿಟ್ಟು, ಶಾಲೆ ಬಿಟ್ಟು, ಅಬುಧಾಬಿಯ ಬನಿಯಾಸ್‌ಗೆ ಹೋಗುವುದೆಂದು ನಿಮ್ಮಪ್ಪ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಲಾರಿಯ ಚಿತ್ರ ಹಾಕಿ ತಿಳಿಸಿದ. ನೀವಿಬ್ಬರೂ ಹೆಬ್ಬೆರಳು ಎತ್ತಿದ ಚಿತ್ರ ಹಾಕಿ ಮುಗಿಸಿದಿರಿ. ನಾನು ಬೇಜಾರಾಯಿತಾ ಎಂದು ಕೇಳಿದರೆ "ಇಟ್ಸ್ ಓಕೆ ಅಜ್ಜಿ" ಅಂತೆ. ಎಂಥ ಓಕೆ? ಗೋಡೆ ಕಡೆ ತಿರುಗಿ ಮಲಗಿ ಮೂಗು ಎಳೆಯುತ್ತಿದ್ದದ್ದು ನನಗೆ ಕೇಳಿಸಲಿಲ್ಲ ಎಂದುಕೊಂಡಿರಾ?

ನಿಮ್ಮಪ್ಪ ನನ್ನ ಮಗ. ಇವತ್ತು ಊಟಕ್ಕೆ ಫೋನು ಬದಿಗಿಟ್ಟು ಕೂರಬೇಕು ಎಂದು ಹೇಳಿಟ್ಟಿದ್ದೇನೆ. ಹೇಳಲಿಕ್ಕೆ ಇರುವುದನ್ನೆಲ್ಲ ಹೇಳಿ, ಇಂಗ್ಲಿಷಿನಲ್ಲಾದರೂ ಸರಿ. ಅವನು ನಡುವೆ ಬಾಯಿ ಹಾಕಿದರೆ ಸ್ಟೀಲಿನ ತಟ್ಟೆಯ ಮೇಲೆ ಚೆಂಡೆ ಬಾರಿಸಲು ನಾನಿದ್ದೇನೆ.