ಕಿಟಕಿಗೆ ಕಟ್ಟಿದ ನೇಯ್ಗೆ

ಪೀಣ್ಯದ ನಮ್ಮ ವಠಾರದಲ್ಲಿ ಒಬ್ಬ ಗಂಡಸು ನೆಲದ ಮೇಲೆ ಕಾಲು ಚಾಚಿ ಕೂತು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಟ್ಟೆ ನೇಯುವುದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಹಾಗಾಗಿ ನಾನು ಶುರು ಮಾಡಿದ ಭಾನುವಾರ ಎಲ್ಲರಿಗೂ ನಮ್ಮ ಬಾಗಿಲ ಮುಂದೆಯೇ ಏನೋ ಕೆಲಸ. ಒಬ್ಬರು ಸಕ್ಕರೆ ಕೇಳಿಕೊಂಡು ಬಂದರು. ಇನ್ನೊಬ್ಬರು ನಿಮ್ಮ ಮನೆಯಲ್ಲೂ ಕರೆಂಟ್ ಹೋಗಿದೆಯಾ ಎಂದು ಕೇಳಿದರು; ಅವರ ಮನೆಯ ಫ್ಯಾನು ತಿರುಗುತ್ತಿದ್ದದ್ದು ನಾನು ಕೂತಲ್ಲಿಗೇ ಕಾಣುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು ನನಗೆ.

ನಾನು ಫಿಟ್ಟರ್. ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೊನೆಯ ಕೈ ನನ್ನದು. ಲೋಹಕ್ಕೆ ತೂತು ಹೊಡೆದಾಗ ಅಂಚಿನಲ್ಲಿ ಮುಳ್ಳಿನಂಥ ಸಣ್ಣ ಚೂರು ಏಳುತ್ತದೆ, ಅದಕ್ಕೆ ಬರ್ ಎನ್ನುತ್ತೇವೆ. ಅದನ್ನು ಅರದಿಂದ ಉಜ್ಜಿ, ಬೆರಳಾಡಿಸಿ ನೋಡಿ, ಪಾಸ್ ಮಾಡುವುದು ನನ್ನ ಕೆಲಸ. ಕಣ್ಣು ತಪ್ಪಿಸಿಕೊಂಡದ್ದು ಬೆರಳಿಗೆ ಸಿಗುತ್ತದೆ. ಹೊಸಬರು ಬಂದರೆ ಓನರ್ ನನ್ನ ಬೆರಳು ತೋರಿಸಿ, ಇದಕ್ಕಿಂತ ಒಳ್ಳೆಯ ಮಿಷಿನ್ ನಮ್ಮಲ್ಲಿಲ್ಲ ಎನ್ನುತ್ತಿದ್ದರು. ನಾನು ಮಾತಿಗೆ ಬೇಡ ಬೇಡ ಎನ್ನುತ್ತಿದ್ದೆ, ಒಳಗೊಳಗೇ ಉಬ್ಬಿ ಹೋಗುತ್ತಿದ್ದೆ.

ಕಳೆದ ವರ್ಷ ಭಾರದ ಅಚ್ಚೊಂದನ್ನು ಟೇಬಲ್ಲಿಗೆ ಇಳಿಸುವಾಗ ನನ್ನದೇ ಹಿಡಿತ ಜಾರಿತು. ಎರಡೂ ಕೈಯ ಬೆರಳ ತುದಿಗಳು ಅಡಿಗೆ ಸಿಕ್ಕವು. ಬೆರಳು ಉಳಿದವು, ತುದಿಯ ಸ್ಪರ್ಶ ಹೋಯಿತು. ನಿಧಾನಕ್ಕೆ ಬರಬಹುದು, ಸೂಕ್ಷ್ಮವಾದ ಕೈಕೆಲಸ ಏನಾದರೂ ಮಾಡುತ್ತಿರಿ ಎಂದರು ಡಾಕ್ಟರು. ಬೆರಳಿಗೆ ತಿಳಿಯತೊಡಗಿದ ದಿನ ಬಾ, ಅಲ್ಲಿಯವರೆಗೆ ನಿನ್ನ ಜಾಗ ನಿನ್ನದೇ ಎಂದರು ಓನರ್.

ಸೂಕ್ಷ್ಮವಾದ ಕೈಕೆಲಸ ಎಂದರೆ ಏನು? ಹೆಂಡತಿ ಅವರೆಕಾಯಿ ಸುಲಿಯಲು ಕೊಟ್ಟಳು. ಎರಡು ದಿನಕ್ಕೆ ಬೇಸರವಾಯಿತು. ಆಗ ಕಣ್ಣಿಗೆ ಬಿದ್ದದ್ದು ಪಕ್ಕದ ಮನೆಯ ಹುಡುಗಿ. ಅಸ್ಸಾಮಿನವಳು, ಗಾರ್ಮೆಂಟ್ಸಿಗೆ ಹೋಗುತ್ತಾಳೆ. ರಜೆಯ ದಿನ ನೆಲದ ಮೇಲೆ ಕೂತು ನೇಯುತ್ತಾಳೆ, ಮಗ್ಗವೇ ಇಲ್ಲ. ಉದ್ದದ ದಾರಗಳ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತುದಿ ಒಂದು ಕೋಲಿಗೆ, ಕೋಲು ಅವಳ ಸೊಂಟದ ಪಟ್ಟಿಗೆ. ಹಿಂದಕ್ಕೆ ವಾಲಿದರೆ ದಾರ ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಅಷ್ಟೇ ಯಂತ್ರ.

ನನಗೂ ಕಲಿಸು ಎಂದೆ. ದಾರ ಎತ್ತಲು ಅವಳು ನೂಲಿನ ಕುಣಿಕೆಗಳನ್ನು ಬಳಸುತ್ತಿದ್ದಳು. ನನ್ನ ಬೆರಳಿಗೆ ಆ ಕುಣಿಕೆಗಳು ಸಿಗಲೇ ಇಲ್ಲ. ಹಾಗಾದರೆ ಬಾಚಣಿಗೆಯಂಥ ಹಲಗೆ ಮಾಡಿಕೊಳ್ಳಿ ಎಂದು ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು. ಒಂದು ಸೀಳು, ಒಂದು ತೂತು, ಮತ್ತೆ ಸೀಳು, ಮತ್ತೆ ತೂತು. ಪ್ರತಿಯೊಂದರಲ್ಲೂ ಒಂದು ದಾರ. ಹಲಗೆ ಎತ್ತಿದರೆ ತೂತಿನ ದಾರಗಳು ಮೇಲೆ, ಅದುಮಿದರೆ ಕೆಳಗೆ, ನಡುವಿನ ಸಂದಿಯಲ್ಲಿ ಅಡ್ಡದಾರ ಹೋಗುತ್ತದೆ. ಐಸ್‌ಕ್ರೀಮ್ ಕಡ್ಡಿಯಲ್ಲಿ ಮಾಡಿದರೆ ಸಾಕು ಎಂದಳು. ಫಿಟ್ಟರಿಗೆ ಐಸ್‌ಕ್ರೀಮ್ ಕಡ್ಡಿಯೇ? ಗೆಳೆಯನ ಶೆಡ್ಡಿಗೆ ಹೋಗಿ ಅಲ್ಯೂಮಿನಿಯಂ ತಗಡಿನಲ್ಲೇ ಮಾಡಿದೆ. ಸೀಳುಗಳನ್ನು ಅವನು ಕತ್ತರಿಸಿ ನಯ ಮಾಡಿ ಕೊಟ್ಟ. ತೂತುಗಳನ್ನು ನಾನೇ ಕೊರೆದು, ನಾನೇ ಉಜ್ಜಿ, ಬೆರಳಾಡಿಸಿ ನೋಡಿದೆ. ನುಣ್ಣಗಿತ್ತು.

ದಿನವೂ ಸಂಜೆ ಹೆಂಡತಿ ನನ್ನ ಕಣ್ಣು ಮುಚ್ಚಿಸಿ, ಹತ್ತಿಯಿಂದ ಒಂದೊಂದು ಬೆರಳು ಸವರಿ, ಇದು ಯಾವುದು ಎಂದು ಕೇಳುತ್ತಿದ್ದಳು. ಡಾಕ್ಟರು ಹೇಳಿಕೊಟ್ಟದ್ದು. ಮೊದಮೊದಲು ಎಲ್ಲ ತಪ್ಪು ಹೇಳುತ್ತಿದ್ದೆ, ಅವಳ ಮುಖ ಬಾಡುತ್ತಿತ್ತು. ಒಂದು ದಿನ ಎಡಗಣ್ಣು ಕೊಂಚ ತೆರೆದು ನೋಡಿ ಸರಿಯಾಗಿ ಹೇಳಿಬಿಟ್ಟೆ. ಆಮೇಲೆ ಅದೇ ರೂಢಿಯಾಯಿತು. ನನ್ನ ಮಾತನ್ನು ನಾನೇ ನಂಬಿದೆ ಎಂದು ಕಾಣುತ್ತದೆ, ಓನರ್‌ಗೆ ಫೋನು ಮಾಡಿ ಸೋಮವಾರದಿಂದ ಬರುತ್ತೇನೆ ಎಂದೆ.

ಅತ್ತ ನೇಯ್ಗೆಯಲ್ಲಿ ದಾರ ಹರಿದು ಹೋಗುತ್ತಲೇ ಇತ್ತು. ನಾನು ದಾರವನ್ನು ಬೈದೆ, ಅಂಗಡಿಯವನನ್ನು ಬೈದೆ, ಹೆಂಡತಿಯನ್ನು ಓಡಿಸಿ ಬೇರೆ ದಾರ ತರಿಸಿದೆ. ಅದೂ ಹರಿಯಿತು. ಕೆಲಸಕ್ಕೆ ಹೋಗಬೇಕಾದ ಸೋಮವಾರದ ಹಿಂದಿನ ದಿನ ಮಧ್ಯಾಹ್ನ ಪಕ್ಕದ ಹುಡುಗಿ ಬಂದು ಕೂತು, ಹರಿದ ತುದಿಗಳನ್ನು ನೋಡಿದಳು. ಸೀಳಿನ ದಾರ ಒಂದೂ ಹೋಗಿರಲಿಲ್ಲ. ಹೋದದ್ದೆಲ್ಲ ತೂತಿನವು.

"ಅಣ್ಣ, ದಾರ ಚೆನ್ನಾಗಿದೆ. ತಗಡು ಕಟ್ ಮಾಡ್ತಿದೆ," ಎಂದಳು.

ಅದು ಹೇಗೆ ಸಾಧ್ಯ ಎಂದು ರೇಗಿದೆ. ನನ್ನ ಕೈಯಲ್ಲಿ ಪಾಸಾದ ಮಾಲು ಒಂದು ದಿನವೂ ವಾಪಸು ಬಂದಿಲ್ಲ ಎಂದೆ. ಹೆಂಡತಿ ಬಗ್ಗಿ ತೂತುಗಳ ಮೇಲೆ ಬೆರಳಾಡಿಸಿದಳು, ತಟ್ಟನೆ ಕೈ ಹಿಂದೆಗೆದಳು. ಆಮೇಲೆ ನನ್ನ ಬೆರಳು ಹಿಡಿದು ಅದೇ ತೂತಿನ ಮೇಲೆ ಇಟ್ಟಳು. ನನಗೆ ನುಣ್ಣಗಿತ್ತು. ಪಕ್ಕದ ತೂತಿಗೆ ಸರಿಸಿದಳು. ಅದೂ ನುಣ್ಣಗಿತ್ತು. ಒಲೆಯ ಮೇಲೆ ಅನ್ನ ಇದೆ ಎಂದು ಹುಡುಗಿ ಎದ್ದು ಹೋದಳು.

ಇಂಥ ಮಾತು ಬಂದಾಗ ನಾನು ಅಂಗಡಿ ಕಡೆ ಹೋಗಿಬರುತ್ತೇನೆ ಎಂದು ಚಪ್ಪಲಿ ಮೆಟ್ಟುವವನು. ಅವತ್ತು ಆಗಲಿಲ್ಲ. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ದಾರ, ದಾರ ಕಿಟಕಿಗೆ.

"ನಂಗೇನೂ ಗೊತ್ತಾಗಲ್ಲ ಕಣೇ," ಎಂದೆ.

"ಗೊತ್ತು. ನಾನು ಸೆರಗಲ್ಲಿ ಹಿಡ್ಕೊಂಡು ಬರೋ ಕಾಫಿ ಲೋಟಾನ ನೀವು ಬರಿಗೈಲಿ ಇಸ್ಕೋತೀರಲ್ಲ."

ಮತ್ತೆ ದಿನಾ ಹತ್ತಿ ಯಾಕೆ ಸವರುತ್ತಿದ್ದೆ ಎಂದು ಕೇಳಿದೆ.

"ಒಂದಲ್ಲ ಒಂದಿನ ಕಣ್ಣು ಪೂರ್ತಿ ಮುಚ್ಕೊಂಡೇ ಸರಿಯಾಗಿ ಹೇಳ್ತೀರೇನೋ ಅಂತ," ಎಂದಳು.

ನಾನು ಅತ್ತೆ. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ಅವಳು ಫೋನು ತಂದು ಕೊಟ್ಟಳು, ಕೂತಲ್ಲಿಂದಲೇ ಓನರ್‌ಗೆ ಹೇಳಿದೆ. ಬೆರಳಿಗೆ ಏನೂ ತಿಳಿಯುತ್ತಿಲ್ಲ, ಮೊನ್ನೆ ಹೇಳಿದ್ದು ಸುಳ್ಳು, ನಾಳೆ ಬರುವುದಿಲ್ಲ ಎಂದೆ. ಅವರು, ಇನ್ನು ಆ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಬೇಜಾರು ಮಾಡಿಕೊಳ್ಳಬೇಡ ಎಂದೂ ಹೇಳಿದರು. ಆಯ್ತು ಸಾರ್ ಎಂದೆ. ಅಲ್ಲಿಗೆ ನಾನು ಕಲಿತಿದ್ದ ಒಂದೇ ಕೆಲಸ ಮುಗಿಯಿತು.

ಹೆಂಡತಿ ದಾರಗಳನ್ನು ಬಿಡಿಸಿ ತಗಡನ್ನು ಮಡಿಲಲ್ಲಿ ಇಟ್ಟುಕೊಂಡಳು. ನನ್ನ ಚೀಲದಿಂದ ಸಣ್ಣ ಅರ ತೆಗೆದು, ಹೇಗೆ ಹಿಡಿಯಬೇಕು ಎಂದು ಕೇಳಿದಳು. ಹೇಳಿಕೊಟ್ಟೆ. ಉಜ್ಜಿದಳು, ಬೆರಳಾಡಿಸಿದಳು, ಇನ್ನೂ ಇದೆ ಎಂದಳು. ಇನ್ನೂ ಉಜ್ಜು ಎಂದೆ. ಮುಳ್ಳು ಹೋಯಿತೋ ಇಲ್ಲವೋ ಎನ್ನುವುದನ್ನು ನಾನು ಅವಳ ಮುಖ ನೋಡಿ ತಿಳಿದುಕೊಳ್ಳಬೇಕಾಯಿತು.